ಶಾವಿಗೆ ಆಯಿಯ ಮಾಳಿಗೆ

ಆಯಿಯ ಹಿಮ್ಮಡಿಗಳು ಕಪ್ಪಗೆ, ದಪ್ಪಗೆ ಇದ್ದು ಅಲ್ಲಲ್ಲಿ ಒಡೆದಿದ್ದವು. ನವನಗರದ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಚಪ್ಪಲಿ ಹಾಕಿಕೊಂಡೂ ನಾನು ನಿಲ್ಲಲಾರದ ಬೇಸಿಗೆಯಲ್ಲಿ, ಅವಳು ಬರಿಗಾಲಲ್ಲಿ ಓಡಾಡಿ ಶಾವಿಗೆ ಒಣಹಾಕುತ್ತಿದ್ದಳು. ಅಲ್ಲಿಯೇ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಒಂಟಿ ಮುದುಕಿ. ಶಾವಿಗೆ, ಸಂಡಿಗೆ ಮಾರಿಯೇ ಅವಳ ಹೊಟ್ಟೆ ತುಂಬಬೇಕು.

ಬಾಯಿ ಬಲು ಖಾರ. ನನ್ನ ಹೆರಿಗೆಯಾದಾಗ ತವರಿನಿಂದ ಯಾರೂ ಬರಲಿಲ್ಲ. ಅಳುತ್ತಾ ಕೂತಿದ್ದೆ. ‘ನೀ ಅತ್ತರ ಕೂಸಿನ ಹೊಟ್ಟಿ ತುಂಬತೈತೇನು? ಏಳು’ ಎಂದು ಗದರಿಸಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರೆರೆದಳು. ನನ್ನ ಬಾಣಂತನ ಪೂರ್ತಿ ಮಾಡಿದವಳು ಅವಳೇ.

ಹೋದ ವರ್ಷ ಮನೆ ಮಾಲಕರು ಸೋಲಾರ್ ಹಾಕಿಸಿದರು. ಮಾಳಿಗೆಯ ತುಂಬ, ಗೋಡೆಯಿಂದ ಗೋಡೆಗೆ ಪ್ಲೇಟುಗಳು. ‘ಇಷ್ಟ ಬಿಸಲ ಬೀಳೂ ಊರಾಗ ಅದನ್ನ ಸುಮ್ನ ಹಾಳ ಮಾಡಬಾರದ್ರಿ’ ಎಂದು ನಮಗೆಲ್ಲ ಪೇಡೆ ಹಂಚಿದರು. ಆಯಿ ಪೇಡೆ ಮುಟ್ಟಲಿಲ್ಲ.

‘ನಾ ಎಲ್ಲಿ ಒಣಹಾಕ್ಲಿ, ಯಪ್ಪಾ?’ ಎಂದಳು.

‘ಶಾವಿಗಿ ಬಿಡು ಇನ್ನ. ಪ್ಯಾಟ್ಯಾಗ ಮಿಷಿನ್ ಶಾವಿಗಿ ಸಿಗತಾವ. ಧೂಳ ಕುಂತ್ರ ಕರೆಂಟ್ ಕಡಿಮಿ ಬರತೈತಂತ. ದಿನಾ ಪ್ಲೇಟ್ ಒರಸು, ಬಾಡಗಿ ಬ್ಯಾಡ.’

ಅದೊಂದು ಉಪಕಾರ ಎಂದೇ ಅವರು ನಂಬಿದ್ದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೋಗಲು ಬೇರೆ ಜಾಗವಿಲ್ಲದ ಆಯಿ ಬಕೆಟ್ಟು ಹಿಡಿದಳು. ಒಮ್ಮೆ ಪ್ಲೇಟುಗಳ ಅಡಿಯ ನೆರಳಲ್ಲೇ ಶಾವಿಗೆ ಹರವಿ ನೋಡಿದಳು. ಮುಗ್ಗಲು ಹಿಡಿಯಿತು. ಕೊಂಡವರು ವಾಪಸು ತಂದು ಬಾಗಿಲಲ್ಲಿಟ್ಟು ಹೋದರು. ಆಮೇಲೆ ಅವಳು ಏನು ಉಣ್ಣುತ್ತಿದ್ದಳೋ ತಿಳಿಯದು. ರೊಟ್ಟಿ ಪಲ್ಯ ಒಯ್ದರೆ ತಾಟನ್ನು ನನ್ನ ಕಡೆಗೇ ಸರಿಸಿದಳು. ‘ನಾ ಏನ ಬಾಣಂತಿ ಅಲ್ಲ’ ಎಂದಳು.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಪ್ಲೇಟು ಒರೆಸಲು ಹೋದವಳು ಅವುಗಳ ನಡುವೆಯೇ ಕುಸಿದಳು. ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ನಾನು ಹೋಗಿ ಮುಟ್ಟಿದಾಗ ಮೈ ಬೆಚ್ಚಗೇ ಇತ್ತು. ಜೀವವಿದೆ ಎಂದುಕೊಂಡು ಕೂಗಿದೆ. ಅದು ಬಿಸಿಲಿನ ಬಿಸಿ.

ಮಣ್ಣು ಮಾಡಿ ವಾರವಾಗಿರಲಿಲ್ಲ. ಮಾಲಕರು ನನ್ನ ಬಾಗಿಲಿಗೆ ಬಂದು ನಿಂತರು.

‘ಆಯಿ ಹ್ವಾದಾಗಿಂದ ಕರೆಂಟ್ ಭಾಳ ಕಡಿಮಿ ಬರಾಕತ್ತೇತ್ರಿ. ನಿಮಗ ಗೊತ್ತಿದ್ದವರಾಗ ಇನ್ನೊಬ್ಬಾಕಿ ಮುದುಕಿ ಇದ್ರ ಹೇಳ್ರಿ. ಹಿಂದಮುಂದ ಯಾರೂ ಇಲ್ಲದಾಕಿ ಆದ್ರ ಛಲೋ.’