ಕಾಕು ಹೇಳಿದ ಕಾರ್ಟೂನ್

ಎಂಬತ್ತರ ದಶಕದಲ್ಲಿ ಆರ್.ಟಿ. ನಗರದ ನಮ್ಮ ವಠಾರದಲ್ಲಿ ಟಿ.ವಿ. ಇದ್ದದ್ದು ಧಾರವಾಡದ ಕಡೆಯ, ಮಕ್ಕಳೆಲ್ಲ ಚಿಕ್ಕಮ್ಮ ಎನ್ನುವಂತೆ 'ಕಾಕು' ಎಂದು ಕರೆಯುತ್ತಿದ್ದವರ ಮನೆಯಲ್ಲಿ ಮಾತ್ರ. ಭಾನುವಾರದ ಕಾರ್ಟೂನ್ ಹಿಂದಿಯಲ್ಲಿ ಬರುತ್ತಿತ್ತು, ಮಕ್ಕಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

"ಸುಮ್ಕ ಕುಂದರ್ರಿ, ನಾ ಹೇಳ್ತೇನಿ" ಎಂದು ಕಾಕು ಕಥೆ ಬಿಡಿಸುತ್ತಿದ್ದರು. ಕರಡಿಮರಿ ಸೋದರಮಾವನ ಮೇಲೆ ಮುನಿಸಿಕೊಂಡು ಮನೆ ಬಿಟ್ಟಿತ್ತಂತೆ.

ಮೊನ್ನೆ ಮಗಳು ಅದೇ ಕಾರ್ಟೂನನ್ನು ಮೊಬೈಲಿನಲ್ಲಿ ಹುಡುಕಿಕೊಟ್ಟಳು. ನಾನು ಉತ್ಸಾಹದಿಂದ ಕಥೆ ಹೇಳತೊಡಗಿದೆ.

"ಅಮ್ಮಾ, ಅದು ತಾಯಿನ ಹುಡುಕ್ಕೊಂಡು ಹೋಗ್ತಿದೆ. ಮಾವ ಎಲ್ಲಿದಾನೆ ಇದ್ರಲ್ಲಿ?"

ಕಾಕುವಿಗೂ ಹಿಂದಿ ಬರುತ್ತಿರಲಿಲ್ಲವೆಂದು ನನಗೆ ಹೊಳೆದದ್ದು ಆಗಲೇ. ನಗು ತಡೆದುಕೊಂಡು ಮೊಬೈಲನ್ನೇ ನೋಡುತ್ತ ಕೂತಿದ್ದೆ. ನನಗೆ ಕೇಳಿಸಿಲ್ಲವೆಂದುಕೊಂಡ ಮಗಳು ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದು, ಸೌಂಡ್ ಜಾಸ್ತಿ ಮಾಡಿದಳು. ನನಗೆ ನಿಜವಾಗಿ ವಯಸ್ಸಾದದ್ದು ಆ ಕ್ಷಣದಲ್ಲೇ.