ಹೆಸರು ಕತ್ತರಿಸಿದ ಮಾತ್ರೆ

ಆ ಬೀದಿಯಲ್ಲಿ ಅವರಿಬ್ಬರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಕ್ಕ ಕತ್ತರಿ, ತಂಗಿ ಸೂಜಿ. ಮುಂದೆ ಒಂದೇ ಬಾಗಿಲಿನ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಅಕ್ಕನ ಕೆಲಸ; ಕಾಜಾ, ಹುಕ್ಕು, ಅಂಚು ಮಡಿಸುವುದು ತಂಗಿಯ ಕೆಲಸ. ಅಕ್ಕನ ಗಂಡ ಬೇಗ ತೀರಿಕೊಂಡಿದ್ದ. ತಂಗಿ ಮದುವೆಯ ಗೋಜಿಗೇ ಹೋಗಲಿಲ್ಲ. ಯಾರಾದರೂ ಕೆದಕಿದರೆ, "ಕೈಲಿ ಸದಾ ಸೂಜಿ ಇರುತ್ತೆ, ಯಾವನು ಹತ್ರ ಬರ್ತಾನೆ?" ಎಂದು ನಗುವಳು. ಮಬ್ಬು ಬೆಳಕಲ್ಲೂ ಒಂದೇ ಸಲಕ್ಕೆ ದಾರ ಪೋಣಿಸುವ ಕಣ್ಣು ಅವಳದು. ಅಂಗಡಿ ನಡೆಯುತ್ತಿದ್ದುದೇ ಆ ಕಣ್ಣಿನಿಂದ.

ಕತ್ತರಿಯಕ್ಕ ಏನನ್ನೂ ಎಸೆಯುವವಳಲ್ಲ, ಎತ್ತಿಟ್ಟರೂ ಒಪ್ಪವಾಗಿ ಎತ್ತಿಡಬೇಕು. ಉಳಿದ ಗುಂಡಿಗಳೆಲ್ಲ ಬಣ್ಣ, ಅಳತೆ ನೋಡಿಕೊಂಡು ಖಾನೆಗಳಿದ್ದ ಡಬ್ಬಿಗೆ ಹೋಗುತ್ತಿದ್ದವು. ಉಳಿದ ಮಾತ್ರೆಗಳಿಗೂ ಅದೇ ಮರ್ಯಾದೆ. ಮಾತ್ರೆಯ ಪಟ್ಟಿಯಿಂದ ಒಂದೊಂದನ್ನೇ ಸುತ್ತಲೂ ಕತ್ತರಿಸಿ, ಚೂಪು ಮೂಲೆ ಸವರಿ, ಖಾನೆಗೆ ಹಾಕುವಳು. ಮೇಲಿನ ಹೆಸರು ಚಿಂದಿಬಟ್ಟೆಯ ಜೊತೆ ಕಸಕ್ಕೆ ಹೋಗುವುದು. ಹೆಸರು ಕಟ್ಟಿಕೊಂಡು ಏನಾಗಬೇಕು? ತಲೆನೋವಿಗೆ ಬಿಳಿ ಸಣ್ಣದು, ಜ್ವರಕ್ಕೆ ಬಿಳಿ ದೊಡ್ಡದು, ಹೊಟ್ಟೆಗೆ ಹಳದಿ. ಅಷ್ಟು ಗೊತ್ತಿದ್ದರೆ ಸಾಕು ಎಂಬುದು ಅವಳ ವಾದ. ಬೀದಿಯ ಹೆಂಗಸರೂ ಬಂದು ಕೇಳಿ ಒಯ್ಯುತ್ತಿದ್ದರು.

ಎರಡು ವರ್ಷದ ಹಿಂದೊಮ್ಮೆ ಗಂಟಲುನೋವಿಗೆ ಡಾಕ್ಟರಮ್ಮ ಕೊಟ್ಟ ಮಾತ್ರೆ ತಂಗಿಗೆ ಆಗಿಬಂದಿರಲಿಲ್ಲ. ತುಟಿ ಊದಿ, ಮೈಮೇಲೆ ಕೆಂಪು ಕಲೆ ಎದ್ದಿತ್ತು. ಡಾಕ್ಟರಮ್ಮ ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, "ಜೀವಮಾನದಲ್ಲಿ ಇನ್ನೊಂದು ಸಲ ಇದನ್ನ ಮುಟ್ಟಬೇಡಿ" ಎಂದಿದ್ದರು. ಚೀಟಿಯನ್ನು ಮೆಷಿನ್ನಿನ ಮೇಲಿನ ಗೋಡೆಗೆ ಗುಂಡುಪಿನ್ನಿನಿಂದ ಚುಚ್ಚಿದ್ದಾಯಿತು. ಹೆಸರು ಗೋಡೆಯ ಮೇಲಿತ್ತು. ಉಳಿದ ಮಾತ್ರೆಗಳು ಮಾತ್ರ, ಹೆಸರಿಲ್ಲದೆ, ಡಬ್ಬಿಯ ಬಿಳಿ ದೊಡ್ಡದರ ಖಾನೆಯಲ್ಲಿದ್ದವು.

ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದ್ದ ವಾರ ತಂಗಿಗೆ ಮೈ ಬಿಸಿಯಾಯಿತು. ಅಕ್ಕ ಡಬ್ಬಿ ತೆಗೆದಳು.

"ಇದು ಅದಲ್ಲ ತಾನೇ?" ತಂಗಿ ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು.

"ಅದನ್ನ ಯಾವತ್ತೋ ಎಸೆದಾಯ್ತು ಕಣೇ. ಸುಮ್ನೆ ನುಂಗು, ಇನ್ನೂ ನಲವತ್ತು ಕಾಜಾ ಇದೆ."

ಎಸೆಯದವಳು ಎಸೆದೆ ಎಂದಳು. ಸುಳ್ಳು ಹೇಳಬೇಕೆಂದಲ್ಲ, ಹಾಗೇ ನಂಬಿದ್ದಳು. ತಂಗಿ ನುಂಗಿದಳು.

ಮರುದಿನ ಕಣ್ಣು ಕೆಂಡದಂತಾಗಿ ಬಾಯೊಳಗೆ ಹುಣ್ಣೆದ್ದಿತು. ಜ್ವರ ನೆತ್ತಿಗೇರಿದೆ ಎಂದುಕೊಂಡ ಅಕ್ಕ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅದನ್ನೇ ಕೊಟ್ಟಳು. ಮೂರನೆಯ ದಿನ ಮೈತುಂಬ ಬೊಬ್ಬೆ. ಬೆವರಿಗೆ ಒದ್ದೆಯಾದ ಕುಪ್ಪಸ ಬದಲಿಸೋಣವೆಂದು ತೋಳು ಜಾರಿಸಿದರೆ ಬಟ್ಟೆಯ ಜೊತೆಗೆ ಚರ್ಮವೂ ಬಂತು. ಅಕ್ಕನ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷ ಬಟ್ಟೆ ಬಿಚ್ಚಿ ಹೊಲಿದ ಕೈ ಅದು.

ಆಸ್ಪತ್ರೆಯಲ್ಲಿ ಸುಟ್ಟಗಾಯದವರ ಕೋಣೆಯಲ್ಲಿ ಮಲಗಿಸಿದರು. "ಯಾವ ಮಾತ್ರೆ ತಗೊಂಡಿದ್ದು? ಹೆಸರು ಹೇಳಿ," ಎಂದು ಡಾಕ್ಟರು ಕೇಳಿದರು.

"ಬಿಳಿದು ಸಾರ್... ಕೋಟಿನ ಗುಂಡಿಯಷ್ಟು ದೊಡ್ಡದು."

ಡಾಕ್ಟರು ತಲೆ ಚಚ್ಚಿಕೊಳ್ಳದೆ ಇದ್ದದ್ದು ಅವರ ದೊಡ್ಡತನ. "ಬಿಳಿ ಮಾತ್ರೆ ಲೋಕದ ತುಂಬಾ ಇದೆ ತಾಯಿ. ಕೊಟ್ಟಿದ್ದು ಯಾರು?"

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅಷ್ಟರಲ್ಲಿ ಹಾಸಿಗೆಯಿಂದ ಬಾತ ತುಟಿಯೇ ಮಾತಾಡಿತು: "ನಾನೇ... ತಗೊಂಡೆ." ಅಕ್ಕ ಅದನ್ನು ತಿದ್ದಲಿಲ್ಲ. ಮನೆಗೆ ಓಡಿ ಗೋಡೆಯ ಚೀಟಿ ಕಿತ್ತು ತಂದುಕೊಟ್ಟಳು. ಅದನ್ನು ಓದಿ ಡಾಕ್ಟರು, "ಇದೇ ಇರಬೇಕು. ಜೀವ ಉಳಿಸಬಹುದು, ಕಣ್ಣಿನ ಮಾತು ಈಗ ಹೇಳಲಾರೆ," ಎಂದರು.

ಜೀವ ಉಳಿಯಿತು. ಎರಡು ತಿಂಗಳಾದ ಮೇಲೆ ಮನೆಗೆ ಬಂದ ತಂಗಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಣ್ಣೀರು ಬರುವ ದಾರಿಯೂ ಮುಚ್ಚಿಹೋಗಿತ್ತು. ಗಂಟೆಗೊಮ್ಮೆ ಸೀಸೆಯಿಂದ ಹನಿ ಹಾಕದಿದ್ದರೆ ಕಣ್ಣೊಳಗೆ ಮರಳು ಸುರಿದಷ್ಟು ಉರಿ. ಅಕ್ಕ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದಳು. ಹಾಳು ಮಾತ್ರೆಯ ಹೆಸರನ್ನು ಕೆಂಪು ದಾರದಲ್ಲಿ ಹೊಲಿದು, ತಂಗಿಯ ಪ್ರತಿ ಕುಪ್ಪಸದ ಕತ್ತಿನ ಒಳಗೆ ಪಟ್ಟಿಯಾಗಿ ಹಾಕಿದಳು. ತಾನಿಲ್ಲದಾಗ ಯಾರಾದರೂ ಆಸ್ಪತ್ರೆಗೆ ಒಯ್ದರೆ ಕಾಣಲಿ ಎಂದು.

ಒಂದು ಮಧ್ಯಾಹ್ನ ಅಳತೆ ಕೊಡಲು ಬಂದ ಟೀಚರಮ್ಮನ ಕಣ್ಣಿಗೆ ಹೊರಗೆ ಇಣುಕಿದ್ದ ಆ ಪಟ್ಟಿ ಬಿತ್ತು. "ಇದೇನು, ಕತ್ತಿನ ಹತ್ರ ಔಷಧಿ ಹೆಸರು?" ವಿಷಯ ತಿಳಿದ ಮೇಲೆ ಲೊಚಗುಟ್ಟಿದರು. "ಅಲ್ಲಮ್ಮ ಸೂಜಿ, ಬೇಡ ಅಂತ ಗೋಡೆ ಮೇಲೆ ಬರೆದಿಟ್ಟಿದ್ರೂ ನುಂಗಿದ್ಯಲ್ಲ! ನಿನ್ನ ಬುದ್ಧಿ ಎಲ್ಲಿತ್ತು?"

ತಂಗಿ ಬೆರಳಿನಿಂದ ತಡಕುತ್ತಾ ಹುಕ್ಕು ಹಚ್ಚುತ್ತಿದ್ದಳು. "ಇರಲಿಲ್ಲ ಟೀಚರ್," ಎಂದು ನಕ್ಕಳು. ವರ್ಷದಿಂದ ಬೀದಿಯವರಿಗೆಲ್ಲ ಇದೇ ಉತ್ತರ, ಇದೇ ನಗು. ವರ್ಷದಿಂದ ಅಕ್ಕ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಬಟ್ಟೆ ಕತ್ತರಿಸಿದ್ದಳು. ಇವತ್ತು ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು.

"ಅವಳಾಗಿ ನುಂಗಲಿಲ್ಲ ಟೀಚರ್. ಅವಳು ಕೇಳಿದ್ಲು, ಇದು ಅದಲ್ಲ ತಾನೇ ಅಂತ. ಅಲ್ಲ ಅಂತ ನಾನೇ ನುಂಗಿಸಿದೆ. ಹೆಸರು ಕತ್ತರಿಸಿ ಹಾಕಿದ್ದೂ ನಾನೇ."

ಅಕ್ಕ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಹುಕ್ಕು ಪಕ್ಕಕ್ಕಿಟ್ಟು, ಸದ್ದು ಬಂದ ಕಡೆಗೆ ತಡಕುತ್ತಾ ಬಂದಳು. ಅಕ್ಕನ ಕೆನ್ನೆ ಮುಟ್ಟಿ, ಒದ್ದೆಯಾದ ಬೆರಳನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು.

"ಆಯ್ತು, ಅಳು ಅಕ್ಕಾ," ಎಂದಳು. "ಅತ್ತಾದ ಮೇಲೆ ನನ್ನ ಕಣ್ಣಿಗೂ ಎರಡು ಹನಿ ಹಾಕು. ನನಗೂ ಅಳಬೇಕು ಅನ್ನಿಸ್ತಿದೆ."