ಸೊನ್ನೆಯಿಂದ ಭಾಗಿಸಿದ ಭಾನುವಾರ

ಅಪ್ಪ ನಿವೃತ್ತರಾದ ದಿನ ಒಂದು ಹೂಮಾಲೆ, ಒಂದು ಫ್ಲಾಸ್ಕ್ ಮತ್ತು ಒಂದು ಕ್ಯಾಲ್ಕುಲೇಟರ್ ಜೊತೆ ಮನೆಗೆ ಬಂದರು. ಕ್ಯಾಲ್ಕುಲೇಟರನ್ನು ಆಟೋದಿಂದ ಇಳಿಸಲು ಇಬ್ಬರು ಬೇಕಾದರು. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಕಿರಿದಾದ ಮೆಟ್ಟಿಲು ಹತ್ತುತ್ತ ಡ್ರೈವರ್ ಏದುಸಿರಿನಲ್ಲಿ ತಮಿಳಿನಲ್ಲಿ ಕೇಳಿದ, "ಇದು ಎನ್ನ ಸಾರ್, ಗ್ರೈಂಡರಾ?"

ಅದು ತೊಂಬತ್ತರ ದಶಕದ ಕೊನೆ. ಅಪ್ಪ ಗಿಂಡಿ ಬಡಾವಣೆಯಲ್ಲಿ ಸೇತುವೆಗಳ ವಿನ್ಯಾಸ ಮಾಡುವ ಕಚೇರಿಯಲ್ಲಿದ್ದರು. ಅವರು ಕೆಲಸಕ್ಕೆ ಸೇರಿದಾಗ ಹಿಡಿಕೆ ತಿರುಗಿಸುವ ಯಂತ್ರಗಳಲ್ಲೇ ಗುಣಾಕಾರ, ಭಾಗಾಕಾರ ನಡೆಯುತ್ತಿತ್ತಂತೆ. ಸಂಜೆಯ ಹೊತ್ತಿಗೆ ತೋಳು ಸೋತುಹೋಗುತ್ತಿತ್ತಂತೆ. ಆಮೇಲೆ ಈ ಎಲೆಕ್ಟ್ರಾನಿಕ್ ಯಂತ್ರ ಹಡಗಿನಲ್ಲಿ ಬಂತು. ಒಳಗೆ ಚಿಪ್ ಎನ್ನುವುದೇ ಇಲ್ಲ. ಬೋರ್ಡುಗಳ ತುಂಬ ನೂರಾರು ಟ್ರಾನ್ಸಿಸ್ಟರುಗಳು. ಮೇಲೆ ಹನ್ನೆರಡು ಗಾಜಿನ ಬುರುಡೆಗಳು. ಒಂದೊಂದರೊಳಗೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಆಕಾರದ ತಂತಿಗಳು ಒಂದರ ಹಿಂದೊಂದು ನಿಂತಿದ್ದವು. ಲೆಕ್ಕಕ್ಕೆ ಬೇಕಾದ ಅಂಕಿ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಳ್ಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಷ್ಟೇ ಕೆಲಸ ಮಾಡುವ ಯಂತ್ರ ಅಂಗಿಯ ಜೇಬಿಗೆ ಇಳಿಯಿತು. ಇದು ಕಚೇರಿಯ ಬೀರುವಿನ ಮೇಲೆ ಸೇರಿತು. ಗುಜರಿಗೆ ಹಾಕುತ್ತಾರೆಂದು ತಿಳಿದಾಗ ಅಪ್ಪ ಕೇಳಿ ಪಡೆದುಕೊಂಡಿದ್ದರು.

"ಇದನ್ನ ಎಲ್ಲಿ ಇಡೋದು?" ಎಂದಳು ಅಮ್ಮ.

"ಹಾಲ್‌ನಲ್ಲಿ."

"ಹಾಲ್‌ನಲ್ಲಿ ನಾವಿದ್ದೀವಲ್ಲ."

ಕೊನೆಗೆ ಅಮ್ಮನ ಹೊಲಿಗೆ ಯಂತ್ರ ಬಾಲ್ಕನಿಗೆ ಹೋಯಿತು. ಆ ಜಾಗದಲ್ಲಿ ಇದು ಕೂತಿತು.

ಅದೇ ವರ್ಷ ಅಕ್ಕನಿಗೆ ಗಂಡು ನೋಡುತ್ತಿದ್ದರು. ಅಕ್ಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಒಂದು ಭಾನುವಾರ ಪುರಸೈವಾಕ್ಕಂನಿಂದ ಒಂದು ಕನ್ನಡ ಕುಟುಂಬ ಬಂತು: ಗಂಡು, ಅವರ ತಾಯಿ, ತಂದೆ. ಗಂಡು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧ ತಮಿಳಿನಲ್ಲಿ. ಮೆಷಿನ್ ವಿಷಯ ಎತ್ತಕೂಡದೆಂದು ಅಮ್ಮ ಬೆಳಿಗ್ಗೆಯೇ ಅಪ್ಪನಿಗೆ ಎಚ್ಚರಿಕೆ ಕೊಟ್ಟಿದ್ದಳು. ಅಪ್ಪ ಎತ್ತಲಿಲ್ಲ. ಗಂಡೇ ಎತ್ತಿದರು.

"ಅಂಕಲ್, ಇದು ವರ್ಕ್ ಆಗುತ್ತಾ?"

ಅಪ್ಪ ಅಮ್ಮನ ಮುಖ ನೋಡದೆ ಪ್ಲಗ್ ಹಾಕಿದರು. ಬುರುಡೆಗಳು ಹೊತ್ತಿದವು. ಗುಣಾಕಾರವಾಯಿತು, ಭಾಗಾಕಾರವಾಯಿತು. ಗಂಡಿನ ತಂದೆಯೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಝೀರೋಲ ಡಿವೈಡ್ ಪಣ್ಣಿದ್ರೆ?" ಎನ್ನುತ್ತ ಗಂಡು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿಯೇಬಿಟ್ಟರು.

ಅಪ್ಪ ಕೈ ಚಾಚುವಷ್ಟರಲ್ಲಿ ಹನ್ನೆರಡು ಬುರುಡೆಗಳಲ್ಲೂ ಅಂಕಿಗಳು ಓಡತೊಡಗಿದವು. ಆ ಕಾಲದ ಯಂತ್ರಕ್ಕೆ 'ಆಗುವುದಿಲ್ಲ' ಎಂದು ಹೇಳಲು ಯಾರೂ ಕಲಿಸಿರಲಿಲ್ಲ. ಉತ್ತರ ಸಿಗುವವರೆಗೆ ಹುಡುಕುತ್ತಲೇ ಇರುತ್ತಿತ್ತು. ನಿಲ್ಲಿಸಲು ಒಂದು ಗುಂಡಿಯಿತ್ತು. ಅಪ್ಪ ಒತ್ತಿದರು, ಅದು ಒಳಗೆ ಹೋದದ್ದು ಮೇಲೆ ಬರಲಿಲ್ಲ. ಬಿಸಿ ಧೂಳಿನ ವಾಸನೆ ಎದ್ದಿತು.

"ಪ್ಲಗ್ ಕಿತ್ತುಬಿಡಿ," ಎಂದಳು ಅಮ್ಮ.

"ಲೆಕ್ಕದ ಮಧ್ಯೆ ಕೀಳಬಾರದು," ಎಂದರು ಅಪ್ಪ.

ಅಷ್ಟರಲ್ಲಿ ಅಕ್ಕ ರೇಷ್ಮೆ ಸೀರೆಯುಟ್ಟು, ಬಜ್ಜಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಗಂಡಿನ ತಾಯಿಯೊಬ್ಬರನ್ನು ಬಿಟ್ಟರೆ ಯಾರೂ ಅವಳ ಕಡೆ ತಿರುಗಲಿಲ್ಲ. ಮೂವರು ಗಂಡಸರ ಬೆನ್ನುಗಳನ್ನು ಒಂದು ಕ್ಷಣ ನೋಡಿ, ತಟ್ಟೆಯನ್ನು ನನ್ನ ಕೈಗಿತ್ತು, ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದಳು.

"ಅಯ್ಯೋ, ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡ್ತಿದ್ದೆ," ಎಂದರು ಗಂಡು.

"ಎಲ್ಲಿಗೂ ಹೋಗಲ್ಲ. ಎಂಟನೇ ಕ್ಲಾಸ್ ಮಕ್ಕಳಿಗೇ ಗೊತ್ತು," ಎಂದಳು ಅಕ್ಕ.

ಬಜ್ಜಿ ತಿಂದು ಅವರು ಹೊರಟರು. ಹುಡುಗಿ ಸ್ವಲ್ಪ ಜೋರು ಎಂದು ಗಂಡಿನ ತಾಯಿ ಹೇಳಿದರೆಂದು ಮಧ್ಯವರ್ತಿಗಳಿಂದ ಗೊತ್ತಾಯಿತು. ಅಮ್ಮ ಎರಡು ವಾರ ಅಪ್ಪನ ಹತ್ತಿರ ಸಾರು ಬಡಿಸಲಷ್ಟೇ ಮಾತಾಡಿದಳು.

ಮೂರನೆಯ ಭಾನುವಾರ ಗಂಡು ಒಬ್ಬರೇ ಬಂದರು. ಚೀಲದಲ್ಲಿ ಸ್ಕ್ರೂಡ್ರೈವರ್, ಬ್ರಷ್, ಬೆಸುಗೆ ಹಾಕುವ ಕಡ್ಡಿ. ಅಪ್ಪನಿಗೆ ಹಿಡಿಸಲಾರದಷ್ಟು ಸಂತೋಷ. ಇಬ್ಬರೂ ನೆಲದ ಮೇಲೆ ಪೇಪರ್ ಹಾಸಿ ಯಂತ್ರದ ಮುಚ್ಚಳ ತೆಗೆದರು. ಅಪ್ಪ ಕಾಫಿಗೆ ಹೇಳಲು ಅಡುಗೆಮನೆಗೆ ಹೋದಾಗ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು, "ನೀವು ಬಂದಿರೋದು ಇದನ್ನ ನೋಡೋಕಾ, ನನ್ನನ್ನ ನೋಡೋಕಾ?"

ಅವರು ಬ್ರಷ್ ಕೆಳಗಿಟ್ಟರು. "ಅವತ್ತು ಮನೆಗೆ ಹೋದ ಮೇಲೆ, ಪೊಣ್ಣು ಹೇಗಿದ್ದಾಳೆ ಅಂತ ಅಮ್ಮ ಕೇಳಿದ್ರು. ನನಗೆ ಸ್ವಿಚ್ ಆರಿಸಿದ ಕೈ ಮಾತ್ರ ಜ್ಞಾಪಕ ಇತ್ತು. ಅದನ್ನೇ ಹೇಳಿದೆ. ತುಂಬಾ ಬೈದ್ರು."

ಅಕ್ಕ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಅವರೆದುರು ಕೂತಳು. "ಸರಿ, ಈಗ ನೋಡಿ," ಎಂದಳು. ನಾನು ಪರದೆಯ ಹಿಂದಿದ್ದೆ. ಅವರ ಕಿವಿ ಕೆಂಪಾದದ್ದು ಅಲ್ಲಿಂದಲೂ ಕಾಣುತ್ತಿತ್ತು.

ಗುಂಡಿ ಸರಿಹೋಯಿತು. ಮದುವೆಯೂ ಆಯಿತು. ಯಂತ್ರವನ್ನು ಮಗಳ ಜೊತೆಗೇ ಕಳಿಸೋಣವೆಂದು ಅಮ್ಮ ಸೂಚಿಸಿದಳು. ಗಂಡಿನ ತಾಯಿ, ಹುಡುಗಿಯೊಬ್ಬಳೇ ಸಾಕು ಎಂದರು. ಮುಂದೆ ಎಷ್ಟೋ ಭಾನುವಾರಗಳು ಮಾವ ಅಳಿಯ ಅದರ ಮುಂದೆ ಕೂತಿರುತ್ತಿದ್ದರು, ಅಕ್ಕ ನನ್ನನ್ನು ಕರೆದುಕೊಂಡು ಅಂಗಡಿ ಸುತ್ತುತ್ತಿದ್ದಳು.

ಕ್ರಮೇಣ ಬುರುಡೆಗಳು ಬಲಗಡೆಯಿಂದ ಒಂದೊಂದಾಗಿ ಕೆಟ್ಟವು. ಹೊಸದು ಎಲ್ಲೂ ಸಿಗಲಿಲ್ಲ. ಐದು ಉಳಿದಾಗ, ದಶಾಂಶದ ಸ್ಥಾನಗಳೆಲ್ಲ ಹೋದವೆಂದು ಭಾವ ಬೇಜಾರು ಮಾಡಿಕೊಂಡರು.

"ಬಿಡಿ," ಎಂದರು ಅಪ್ಪ. "ಈಗೇನು ಸೇತುವೆ ಕಟ್ಟಬೇಕಾಗಿದೆಯಾ?"